ಮುಚ್ಚಳಕ್ಕಂಟಿದ ಪುಡಿ

ಆ ಸಂಶೋಧನಾಲಯದ ಎರಡನೇ ಮಹಡಿಯಲ್ಲಿ, ಜೀವಕೋಶ ಬೆಳೆಸುವ ಕೋಣೆಯ ಬಾಗಿಲಲ್ಲಿ, ಚಪ್ಪಲಿ ಬಿಡುವುದಕ್ಕೆ ಒಂದು ಹಲಗೆ ಇದೆ. ದೊಡ್ಡ ಪದವಿಯವರ ಬೂಟಿಗೂ ನೆಲ ಒರೆಸುವವರ ಹವಾಯಿ ಚಪ್ಪಲಿಗೂ ಅಲ್ಲಿ ಒಂದೇ ಸಾಲು. ಸಾಲು ಕೆಟ್ಟರೆ ಒಳಗಿನಿಂದ ದನಿ ಬರುತ್ತದೆ:

"ಯಾರ್ರೀ ಅದು, ಜಗಳ ಆಡಿರೋ ಗಂಡ ಹೆಂಡ್ತಿ ಥರ ಚಪ್ಪಲಿನ ಒಂದು ಆ ಕಡೆ ಒಂದು ಈ ಕಡೆ ಬಿಟ್ಟಿರೋದು?"

ಅದು ಹನಿಯಕ್ಕನ ದನಿ. ಕಾಗದಪತ್ರದಲ್ಲಿ ಅವಳಿಗೆ ಬೇರೆ ಹೆಸರಿದೆ, ಆದರೆ ಆ ಹೆಸರಿಟ್ಟು ಕೂಗಿದರೆ ಅವಳೇ ಒಂದು ಗಳಿಗೆ ಯಾರಿಗೋ ಎಂದು ತಿರುಗಿ ನೋಡುತ್ತಾಳೆ. ಐವತ್ತನಾಲ್ಕು ವರ್ಷ, ಗಿಡ್ಡ ಆಳು, ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡ ಕನ್ನಡಕ. ಪಿಪೆಟ್ ಹಿಡಿದು ಅವಳು ಬಿಟ್ಟ ಹನಿ ಬೇಕಾದ ಕಡೆ ಬಿಟ್ಟು ಬೇರೆ ಕಡೆ ಬಿದ್ದದ್ದನ್ನು ಕಂಡವರಿಲ್ಲ. ಅದಕ್ಕೇ ಹನಿಯಕ್ಕ.

ಸೇರಿದ್ದು ಬಾಟ್ಲಿ ತೊಳೆಯುವುದಕ್ಕೆ. ನೆಲಮಾಳಿಗೆಯಲ್ಲಿ ಹನ್ನೊಂದು ವರ್ಷ ಬಾಟ್ಲಿ ಉಜ್ಜಿದಳು. ತೊಳೆದದ್ದನ್ನು ಮೇಲಕ್ಕೆ ತಂದಿಟ್ಟು ಹೋಗು ಅಂದರೆ ಹೋಗುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತು ಟೆಕ್ನೀಷಿಯನ್ನಿನ ಕೈ ನೋಡುತ್ತಿದ್ದಳು. ಆ ಟೆಕ್ನೀಷಿಯನ್ ಒಮ್ಮೆ ಕಾಮಾಲೆ ಬಂದು ಎರಡು ತಿಂಗಳು ಮಲಗಿದಾಗ ತಟ್ಟೆಯಲ್ಲಿದ್ದ ಜೀವಕೋಶಗಳಿಗೆ ದಿಕ್ಕಿರಲಿಲ್ಲ. "ನಾನು ನೋಡ್ಕೊಳ್ಳಲಾ ಸಾರ್?" ಎಂದಳು. ನಕ್ಕರು. ಮೂರನೇ ದಿನ ನಗು ನಿಂತಿತು. ಅಲ್ಲಿಂದ ಹದಿನೈದು ವರ್ಷ ಆ ಕೋಣೆ ಅವಳದು. ಒಟ್ಟು ಇಪ್ಪತ್ತಾರು ವರ್ಷ. ಆದರೂ ಇವತ್ತಿಗೂ ಅವಳು 'ತಾತ್ಕಾಲಿಕ'. ವರ್ಷಕ್ಕೊಮ್ಮೆ ಒಂದು ಕಾಗದದ ಮೇಲೆ ಮುಖ್ಯಸ್ಥರ ಸಹಿ ಬಿದ್ದರೆ ಉಂಟು, ಬೀಳದಿದ್ದರೆ ಇಲ್ಲ. ಇಪ್ಪತ್ತಾರು ವರ್ಷ ಬಾಳುವ ತಾತ್ಕಾಲಿಕ ಈ ಲೋಕದಲ್ಲಿ ಕೂಲಿಯವರ ಪಾಲಿಗೆ ಮಾತ್ರ ಇರುತ್ತದೆ.

ಅವಳ ಕೈಯಲ್ಲಿ ಓಡಾಡುವ ಸಾಮಾನು ಏನು ಅಂತ ಹೇಳಬೇಕು. ಮೈಗೆ ಗಾಯವಾದಾಗ ಸುತ್ತಲಿನ ಜೀವಕೋಶಗಳಿಗೆ 'ಏಳಿ, ಬೆಳೆಯಿರಿ, ತುಂಬಿಕೊಳ್ಳಿ' ಎಂದು ಹೇಳುವ ಪದಾರ್ಥಗಳು ಮೈಯೊಳಗೇ ಇರುತ್ತವೆ. ಆ ಕೆಲಸವನ್ನು ನಕಲು ಮಾಡುವ ಚಿಕ್ಕ ತುಣುಕನ್ನು ಕಾರ್ಖಾನೆಯಲ್ಲಿ, ಮಣಿ ಪೋಣಿಸಿದ ಹಾಗೆ ಒಂದೊಂದೇ ಜೋಡಿಸಿ ತಯಾರಿಸುತ್ತಾರೆ. ಅದೇ ಪೆಪ್ಟೈಡ್. ಬರುವುದು ಹೆಬ್ಬೆರಳ ಗಾತ್ರದ ಸೀಸೆಯಲ್ಲಿ, ಒಣಗಿಸಿದ ಪುಡಿಯಾಗಿ. ಲ್ಯಾಬಿನ ಕೆಲಸಕ್ಕೆ ಮಾತ್ರ, ಮನುಷ್ಯರಿಗಲ್ಲ ಎಂದು ಚೀಟಿಯ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತದೆ. ಅಕ್ಕನ ಬೀದಿಯವರಿಗೆ ಆ ಕೆಂಪಕ್ಷರ ಗೊತ್ತಿಲ್ಲ. ಎದುರುಮನೆಯವಳು ಒಮ್ಮೆ ಸೆರಗು ಬಾಯಿಗಿಟ್ಟುಕೊಂಡು ಕೇಳಿದ್ದಳು:

"ಅಕ್ಕಾ, ಏನೋ ಬೆಳೆಸೋ ಔಷಧಿ ಇದೆಯಂತಲ್ಲ ನಿಮ್ಮತ್ರ? ನಮ್ಮೆಜಮಾನ್ರ ತಲೆಗೆ ಒಂದೇ ಒಂದು ಹನಿ..."

"ತಟ್ಟೇಲಿ ಬೆಳೆಯೋದಕ್ಕಷ್ಟೇ ಕಣಮ್ಮ ಅದು. ನಿಮ್ಮೆಜಮಾನ್ರನ್ನ ಚಿಕ್ಕದಾಗಿ ಹೆಚ್ಚಿ ತಟ್ಟೇಲಿ ಹಾಕ್ಕೊಂಡು ಬಾ, ನೋಡೋಣ."

ಆ ಪುಡಿಯ ಗುಣವೇನೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಸೀಸೆ ಖಾಲಿ ಇದೆಯೆಂದೇ ಹೊಸಬರು ಅಂದುಕೊಳ್ಳುತ್ತಾರೆ. ಎಲ್ಲೋ ಒಂದು ಕಡೆ, ಗಾಜಿಗೋ ಮುಚ್ಚಳಕ್ಕೋ ಅಂಟಿಕೊಂಡಿರುತ್ತದೆ. ಹಾಗಾಗಿ ತೆರೆಯುವ ಮೊದಲು ಸೀಸೆಯನ್ನು ಗರಗರ ತಿರುಗಿಸುವ ಯಂತ್ರಕ್ಕೆ ಹಾಕಿ ಪುಡಿಯನ್ನೆಲ್ಲ ತಳಕ್ಕೆ ಇಳಿಸಬೇಕು. ಆಮೇಲೆ ಮುಚ್ಚಳ ತೆಗೆದು, ದ್ರವವನ್ನು ಗಾಜಿನ ಗೋಡೆಗುಂಟ ಮೆಲ್ಲಗೆ ಇಳಿಬಿಡಬೇಕು. ಕುಲುಕಬಾರದು, ನೊರೆ ಬರಬಾರದು. ಕರಗಿದ್ದನ್ನು ಪುಟ್ಟ ಪುಟ್ಟ ಕೊಳವೆಗಳಿಗೆ ಹಂಚಿ ಫ್ರೀಜರಿಗೆ ಇಡಬೇಕು. ಒಮ್ಮೆ ಹೊರತೆಗೆದ ಕೊಳವೆಯನ್ನು ಮತ್ತೆ ಒಳಗಿಡುವಂತಿಲ್ಲ. ಇದನ್ನೆಲ್ಲ ಹನಿಯಕ್ಕ ಕಲಿತವರಿಗೇ ಕಲಿಸಿದವಳು. ಎಷ್ಟೋ ಜನ ಅವಳ ಬೈಗುಳ ತಿಂದು ಡಾಕ್ಟರಾಗಿ ಹೋಗಿದ್ದಾರೆ.

ಈ ಸಲ ಅವಳ ಬೈಗುಳ ತಿನ್ನುತ್ತಿದ್ದವಳು ಸಂಶೋಧಕಿಯೊಬ್ಬಳು. ಸುಟ್ಟಗಾಯಕ್ಕೆ ಹಚ್ಚುವ ಪಟ್ಟಿಯಲ್ಲಿ ಮುಂದೊಂದು ದಿನ ಈ ಪೆಪ್ಟೈಡ್ ಕೆಲಸಕ್ಕೆ ಬರಬಹುದೇ ಎಂಬುದು ಅವಳ ಪ್ರಬಂಧದ ವಿಷಯ. ನಾಲ್ಕು ವರ್ಷ ದುಡಿದಿದ್ದಳು. ಹಳೇ ಸೀಸೆಯ ಪೆಪ್ಟೈಡ್ ಹಾಕಿದ ತಟ್ಟೆಗಳಲ್ಲಿ ಚರ್ಮದ ಜೀವಕೋಶಗಳು ಎರಡೇ ದಿನಕ್ಕೆ ತಳ ತುಂಬಿಕೊಳ್ಳುತ್ತಿದ್ದವು. ಹಳೇದು ಮುಗಿಯಿತು. ಹೊಸ ಬ್ಯಾಚಿನ ಮೂರು ಸೀಸೆ ಬಂದವು. ಒಂದನ್ನು ಹನಿಯಕ್ಕ ಕರಗಿಸಿ ಹಂಚಿಟ್ಟಳು. ಅಲ್ಲಿಂದ ಮೂರು ವಾರ ಜೀವಕೋಶಗಳು ಮುಷ್ಕರ ಹೂಡಿದವರ ಹಾಗೆ ಕೂತುಬಿಟ್ಟವು. ಸತ್ತಿಲ್ಲ, ಬೆಳೆಯುತ್ತಲೂ ಇಲ್ಲ. ಸಂಶೋಧಕಿ ಸೊರಗಿಹೋದಳು. ಲ್ಯಾಬಿನ ಮುಖ್ಯಸ್ಥರು, ಎಲ್ಲರ ಬಾಯಲ್ಲೂ ದೊಡ್ಡ ಸಾರ್, ಮೇಜು ಗುದ್ದಿ ಕಂಪನಿಗೆ ಕಾಗದ ಬರೆದರು: ನಿಮ್ಮ ಸೀಸೆಯಲ್ಲಿ ಬರೆದಷ್ಟು ಪೆಪ್ಟೈಡ್ ಇಲ್ಲವೇ ಇಲ್ಲ. ಉಳಿದೆರಡು ಸೀಸೆಯನ್ನು ಯಾರೂ ಮುಟ್ಟಕೂಡದು, ಹಾಗೇ ವಾಪಸು ಹೋಗಬೇಕು ಎಂದು ಹುಕುಂ ಆಯಿತು.

ಮಂಗಳವಾರ ಕಂಪನಿಯ ಮಾರಾಟದವನು ಬಂದ. ಟೈ ಕಟ್ಟಿದ, ಬಾಯಿ ತುಂಬ ಮಾತಿನ ಮನುಷ್ಯ. ದೊಡ್ಡ ಸಾರ್ ಕೋಣೆಯಲ್ಲಿ ಚಹಾ ಹೀರುತ್ತ ಕೂತಿದ್ದ. ಹನಿಯಕ್ಕ ಮತ್ತು ಸಂಶೋಧಕಿ ಗೋಡೆ ಪಕ್ಕ ನಿಂತಿದ್ದರು.

"ಇದೇ ಬ್ಯಾಚು ಇನ್ನೂ ಮೂರು ಕಡೆ ಹೋಗಿದೆ ಸಾರ್. ಯಾರೂ ತಕರಾರು ಮಾಡಿಲ್ಲ," ಎಂದ. ಆಮೇಲೆ ಹಲ್ಲು ಕಿರಿದು, "ಬೇಜಾರು ಮಾಡ್ಕೋಬೇಡಿ, ಕೇಳೋದು ನನ್ನ ಕೆಲಸ. ತಿರುಗಿಸಿಯೇ ತಾನೆ ತೆರೆದಿದ್ದು?"

ದೊಡ್ಡ ಸಾರ್ ಜೋರಾಗಿ ನಕ್ಕರು. "ನಮ್ಮ ಹನಿಯಕ್ಕಂಗೆ ಈ ಪ್ರಶ್ನೆ ಕೇಳ್ತಿದೀರಲ್ಲ! ಮೀನಿಗೆ ಈಜು ಬರುತ್ತಾ ಅಂತ ಕೇಳ್ದಂಗಾಯ್ತು."

ಸಂಶೋಧಕಿಯೂ ನಕ್ಕಳು. ಹನಿಯಕ್ಕನೂ ನಗಲು ಬಾಯಿ ತೆರೆದಳು. ತೆರೆದದ್ದು ಹಾಗೇ ನಿಂತಿತು.

ಆ ದಿನ ತಿರುಗಿಸುವ ಯಂತ್ರ ಕೆಟ್ಟಿತ್ತು. ಕೆಳಗಿನ ಮಹಡಿಯಲ್ಲಿ ಇನ್ನೊಂದಿತ್ತು, ಆದರೆ ಅಲ್ಲಿನ ಟೆಕ್ನೀಷಿಯನ್ನಿಗೂ ಇವಳಿಗೂ ಒಂದು ಐಸ್ ಡಬ್ಬಿಯ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಅವಳ ಬಾಗಿಲಿಗೆ ಹೋಗಿ ನಿಲ್ಲುವುದೇ? ಸೀಸೆಯನ್ನು ಮೇಜಿನ ಮೇಲೆ ಎರಡು ಸಲ ಟಕ್ ಟಕ್ ಅನಿಸಿದ್ದಳು. ಇಷ್ಟು ವರ್ಷದ ಕೈ, ಸಾಕು ಅನಿಸಿತ್ತು. ಮುಚ್ಚಳ ತೆಗೆದು ಸುಡಲು ಹೋಗುವ ಕಸದ ಚೀಲಕ್ಕೆ ಎಸೆದಿದ್ದಳು. ಪುಡಿ ಆ ಮುಚ್ಚಳದ ಒಳಗಂಟಿಕೊಂಡೇ ಹೋಗಿತ್ತು. ಮೂರು ವಾರ ಎಲ್ಲರೂ ಜೀವಕೋಶಗಳಿಗೆ ಪೆಪ್ಟೈಡೇ ಇಲ್ಲದ ಬರಿಯ ದ್ರವ ಉಣಿಸಿದ್ದರು. ಅವಳ ಸೊಕ್ಕು ಮೆಟ್ಟಿಲಿಳಿದು ಹೋಗಲು ಒಪ್ಪದ್ದಕ್ಕೆ ಆದ ಕೆಲಸ ಇದು.

ಹೇಳಬೇಕಾದದ್ದು ಆಗಲೇ. ಹೇಳಲಿಲ್ಲ. ಮಾರಾಟದವನು ಚಹಾದ ಲೋಟ ಕೆಳಗಿಟ್ಟ.

"ವಿಚಾರಣೆ ಗಿಚಾರಣೆ ಏನೂ ಇಲ್ಲ ಬಿಡಿ ಸಾರ್. ಈ ಬ್ಯಾಚು ತೂಗಿ ಸೀಸೆಗೆ ತುಂಬಿದ್ದು ಒಬ್ಬಳೇ ಹೆಂಗಸು. ಒಂಬತ್ತು ವರ್ಷದಿಂದ ಇದಾಳೆ, ಕೆಲಸ ಬಲ್ಲವಳೇ. ಆದ್ರೆ ನಿಮ್ಮಂಥೋರ ಕಾಗದ ಬಂದ್ಮೇಲೆ ಏನ್ ಮಾಡೋದು? ಸೋಮವಾರದಿಂದ ಬರಬೇಡ ಅಂತಾರೆ. ಶುಕ್ರವಾರ ಈ ಕಡೆ ಬರ್ತೀನಿ, ಐಸ್ ಡಬ್ಬಿ ತಂದು ಸೀಸೆ ಎರಡನ್ನೂ ತಗೊಂಡು ಹೋಗ್ತೀನಿ."

ಸಂಜೆ ಮನೆಯಲ್ಲಿ ಹನಿಯಕ್ಕ ಅಕ್ಕಿ ಆರಿಸುತ್ತ ಕೂತಳು. ಕಲ್ಲು ಉಳಿಸಿಕೊಂಡು ಅಕ್ಕಿ ಎಸೆಯುತ್ತಿದ್ದದ್ದನ್ನು ಅತ್ತೆ ನೋಡಿದಳು. ಎಂಬತ್ತು ದಾಟಿದ ಮುದುಕಿ, ಹಲ್ಲಿಲ್ಲ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಪಂಪ್ ರಿಪೇರಿ ಮಾಡುವ ಗಂಡ ಗ್ರೀಸ್ ಕೈ ತೊಳೆದುಕೊಂಡು ಬಂದ. ಇಬ್ಬರ ಮುಂದೆಯೂ ಎಲ್ಲ ಹೇಳಿಬಿಟ್ಟಳು.

ಮುದುಕಿ ಕೈ ಎತ್ತಿ ಮುಗಿದಳು. "ಅಬ್ಬಾ! ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ನನ್ನ ಸೊಸೆ ಬಾಯಲ್ಲಿ 'ತಪ್ಪು ನಂದು' ಅಂತ ಕೇಳ್ದೆ. ಮಗಾ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡೋ."

"ಸುಮ್ನಿರಮ್ಮ," ಎಂದ ಗಂಡ. ಹೆಂಡತಿಯ ಕಡೆ ತಿರುಗಿದ. "ಯಾರಿಗಾದ್ರೂ ಗೊತ್ತಾ?"

"ಇಲ್ಲ."

"ಹಂಗಾದ್ರೆ ಬಾಯಿ ಮುಚ್ಕೊಂಡಿರು. ಈ ವರ್ಷದ ಸಹಿ ಇನ್ನೂ ಬಿದ್ದಿಲ್ಲ. ನೀನು ಹೋಗಿ ಹೇಳಿದ್ರೆ ಅವರು ಹಾರ ಹಾಕ್ತಾರಾ? ಮನೆಗೆ ಹೋಗು ಅಂತಾರೆ."

"ಆ ಹೆಂಗಸನ್ನ ಮನೆಗೆ ಕಳಿಸ್ತಾರಲ್ಲ."

"ಅವಳು ಯಾರು? ನಿನ್ನ ಅಕ್ಕನಾ ತಂಗಿನಾ? ಮುಖ ನೋಡಿದೀಯಾ?"

"ಕೈ ನೋಡಿದೀನಿ. ಹದಿನೈದು ವರ್ಷದಲ್ಲಿ ಯಾರ್ಯಾರು ತುಂಬಿದ ಸೀಸೆನೋ ತೆಗೆದಿದೀನಿ. ಈ ಒಂಬತ್ತು ವರ್ಷದ್ದು ಒಂದೂ ಹೆಚ್ಚುಕಮ್ಮಿ ಬಂದಿಲ್ಲ."

ಮುದುಕಿ ಬಾಯಿ ಹಾಕಿದಳು: "ಅವಳಿಗೆ ಅತ್ತೆ ಇದಾಳಾ?"

"ನಂಗೇನ್ ಗೊತ್ತು ಅತ್ತೆ?"

"ಇದ್ರೆ ಆ ಮುದುಕಿ ಗತಿ ಏನು ಅಂತ. ಕೆಲಸ ಹೋಗಿರೋ ಸೊಸೆ ದಿನವಿಡೀ ಮನೇಲಿ ಕೂತ್ರೆ ಅತ್ತೆ ಬದುಕ್ತಾಳಾ? ನಿಂದೂ ಹೋದ್ರೆ ನಂದೂ ಅದೇ ಗತಿ. ಅದಿರ್ಲಿ, ನಾಳೆ ಹೋಗಿ ಹೇಳಿ ಬಾ. ಇಲ್ದಿದ್ರೆ ಈ ಮೂತಿ ನೋಡ್ಕೊಂಡು ನಾನು ಎಷ್ಟು ದಿನ ಊಟ ಮಾಡ್ಲಿ?"

ಬುಧವಾರ ಬೆಳಿಗ್ಗೆ ಮೊದಲು ಸಂಶೋಧಕಿಗೆ ಹೇಳಿದಳು. ಆ ಹುಡುಗಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಮೂರು ವಾರ ಅಕ್ಕಾ. ನಂದೇ ಏನೋ ತಪ್ಪು ಅಂತ ಎಷ್ಟು ಅತ್ತಿದೀನಿ ಗೊತ್ತಾ? ನಾನೇನಾದ್ರೂ ಹಂಗೆ ತೆರೆದಿದ್ರೆ ನೀವು ನನ್ನನ್ನ ಬಿಡ್ತಿದ್ರಾ?"

"ಬಿಡ್ತಿರ್ಲಿಲ್ಲ. ನೀನೂ ಬಿಡಬೇಡ. ಬೈ."

ಹುಡುಗಿಗೆ ಬೈಗುಳ ಬರಲಿಲ್ಲ, ಅಳು ಬಂತು. ಅವಳನ್ನು ಸಮಾಧಾನ ಮಾಡುತ್ತ ಕೂರುವವರ ಪೈಕಿ ಹನಿಯಕ್ಕ ಅಲ್ಲ. ಹತ್ತು ಗಂಟೆಗೆ ದೊಡ್ಡ ಸಾರ್ ಕೋಣೆಯ ಬಾಗಿಲು ತಟ್ಟಿದಳು.

ಅವರು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರೇನಲ್ಲ. ತಮ್ಮ ಸಹಿಯ ಮೇಲೆ ಸ್ವಲ್ಪ ಮೋಹ ಜಾಸ್ತಿ, ಅಷ್ಟೆ.

"ನೀವು ಹೇಳಿದ್ದು ನಾನು ಕೇಳಿಸ್ಕೊಳ್ಲಿಲ್ಲ ಅಂತ ಇಟ್ಕೊಳ್ಳೋಣ," ಎಂದರು ಮೆಲ್ಲಗೆ. "ಕಂಪನಿಯವರು ಹೊಸ ಬ್ಯಾಚು ಕಳಿಸ್ತಾರೆ. ನಮ್ಮ ಹುಡುಗಿ ಕೆಲಸ ಮುಂದುವರಿಯುತ್ತೆ. ನಿಮಗೂ ತೊಂದರೆ ಇಲ್ಲ."

"ಆ ತೂಗೋ ಹೆಂಗಸು ಸಾರ್?"

"ಅದು ಅವರ ಕಂಪನಿ ವಿಷಯ."

"ಕಾಗದ ನಮ್ದಲ್ವಾ ಸಾರ್?"

"ನೋಡಿ, ಆ ಕಾಗದಕ್ಕೆ ನಾನು ಸಹಿ ಹಾಕಿದೀನಿ. ಈಗ ವಾಪಸ್ ತಗೊಂಡ್ರೆ ನನ್ನ ಮರ್ಯಾದೆ ಏನಾಗುತ್ತೆ? ಸಹಿ ಅಂದ ಮೇಲೆ ನೆನಪಾಯ್ತು, ನಿಮ್ಮ ಕಾಗದಾನೂ ಈ ಡ್ರಾಯರ್‌ನಲ್ಲೇ ಇದೆ."

ಹನಿಯಕ್ಕ ಡ್ರಾಯರ್ ನೋಡಿದಳು. ಆಮೇಲೆ ಅವರ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು.

"ಏನಿದು?"

"ಕಾಗದ ವಾಪಸ್ ತಗೊಳ್ಳೋವರೆಗೂ ಕೂತಿರ್ತೀನಿ ಸಾರ್. ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ. ನಾನೇನೂ ಮಾತಾಡಲ್ಲ."

ಘೋಷಣೆ ಇಲ್ಲ, ಬಾವುಟ ಇಲ್ಲ, ಹಿಂದೆ ನಾಲ್ಕು ಜನ ಇಲ್ಲ. ಅಂಥ ಧರಣಿ ಕೂರುವುದು ಎಷ್ಟು ಕಷ್ಟ ಎಂಬುದು ಕೂತವರಿಗೆ ಗೊತ್ತು. ಸಾವಿರ ಜನರ ನಡುವೆ ಎದೆ ಉಬ್ಬಿಸಿದವರು ಒಂಟಿ ಕುರ್ಚಿಯಲ್ಲಿ ಅರ್ಧ ಗಂಟೆಗೆ ಎದ್ದುಹೋದದ್ದುಂಟು. ಇವಳು ಕೈ ತೊಡೆಯ ಮೇಲಿಟ್ಟು ಕೂತಳು. ಫೋನು ಬಂತು, ಕೂತಿದ್ದಳು. ಯಾರೋ ಇಬ್ಬರು ಬಂದು ಇವರ್ಯಾರು ಎಂಬಂತೆ ನೋಡಿದರು, ಕೂತಿದ್ದಳು. ಹನ್ನೆರಡಕ್ಕೆ ದೊಡ್ಡ ಸಾರ್ ಬಾಗಿಲು ಕಾಯುವವನನ್ನು ಕರೆಸಿ ಇವರನ್ನು ಹೊರಗೆ ಕರ್ಕೊಂಡು ಹೋಗಪ್ಪ ಎಂದರು. ಅವನು ಮೀಸೆ ತುರಿಸಿಕೊಂಡ.

"ಅಕ್ಕ ತಾನಾಗೇ ಎದ್ರೆ ಕರ್ಕೊಂಡು ಹೋಗ್ತೀನಿ ಸಾರ್. ಎತ್ಕೊಂಡು ಹೋಗು ಅಂದ್ರೆ ನನ್ನ ಸೊಂಟ ಹೋಗುತ್ತೆ, ಆಮೇಲೆ ಅಕ್ಕನ ಬಾಯಿಗೆ ಜೀವನವಿಡೀ ಸಿಗೋದು ನಾನು."

ಒಂದು ಗಂಟೆಗೆ ದೊಡ್ಡ ಸಾರ್ ಪೆನ್ನು ಎಸೆದರು. "ಮುಚ್ಚಳಕ್ಕಂಟಿ ಹೋಯ್ತು ಅಂತೀರಿ. ಮುಚ್ಚಳ ಎಲ್ಲಿದೆ? ಸುಟ್ಟುಹೋಗಿದೆ. ಅಂದ್ಮೇಲೆ ಅದು ನಿಮ್ಮ ಊಹೆ. ಊಹೆ ನಂಬಿ ನಾನು ಕಾಗದ ಬದಲಾಯಿಸಲ್ಲ. ಇನ್ನೊಂದು ಸೀಸೆ ತೆಗೀರಿ, ಎಲ್ಲರ ಮುಂದೆ. ಶುಕ್ರವಾರ ಬೆಳಿಗ್ಗೆಗೆ ಜೀವಕೋಶ ಬೆಳೆದಿದ್ರೆ ಸರಿ. ಬೆಳೀದಿದ್ರೆ ಕಾಗದ ಇರುತ್ತೆ, ನೀವು ಇರಲ್ಲ. ಒಪ್ಪಿಗೆನಾ?"

"ಒಪ್ಪಿಗೆ."

ಒಪ್ಪಿದ್ದೇನೋ ಆಯಿತು. ಕುರ್ಚಿ ಜಾಗಕ್ಕೆ ಸರಿಸಿ ಹೊರಗೆ ಬಂದಳು. ಬ್ಯಾಚೇ ಕೆಟ್ಟಿದ್ದರೆ? ತಪ್ಪು ತನ್ನದು ಎಂದು ಸಾಬೀತಾದರೆ ಮಾತ್ರ ತನಗೆ ಉಳಿಗಾಲ, ಇದೆಂಥ ನ್ಯಾಯ ಎಂದು ಅವಳಿಗೇ ನಗು ಬಂತು.

ಯಂತ್ರ ಇನ್ನೂ ರಿಪೇರಿಯಾಗಿರಲಿಲ್ಲ. ಕೆಳಗಿನ ಮಹಡಿಗೆ ಹೋದಳು. ಅಲ್ಲಿನ ಟೆಕ್ನೀಷಿಯನ್ ಸೊಂಟದ ಮೇಲೆ ಕೈಯಿಟ್ಟು, "ಏನು, ದಾರಿ ತಪ್ಪಿ ಬಂದ್ರಾ?" ಎಂದಳು.

"ನಿನ್ನ ಯಂತ್ರ ಬೇಕಿತ್ತು."

"ಐಸ್ ಡಬ್ಬಿ?"

"ನಾನೇ ತಗೊಂಡಿದ್ದು. ಸಂಜೆ ತಂದಿಡ್ತೀನಿ."

ಅವಳು ಯಂತ್ರದ ಮುಚ್ಚಳ ಎತ್ತಿದಳು.

ಸೀಸೆ ತೆರೆಯುವಾಗ ದೊಡ್ಡ ಸಾರ್, ಸಂಶೋಧಕಿ, ಕೆಳಮಹಡಿಯ ಟೆಕ್ನೀಷಿಯನ್, ಕೆಲಸವಿಲ್ಲದೆ ನೋಡಲು ಬಂದ ಇನ್ನಿಬ್ಬರು, ಎಲ್ಲರೂ ಚಪ್ಪಲಿ ಸಾಲಾಗಿ ಬಿಟ್ಟು ಒಳಗೆ ನಿಂತಿದ್ದರು. ಹನಿಯಕ್ಕ ಧೂಳು ಸೋಕದ ಗಾಜಿನ ಗೂಡಿನೊಳಗೆ ಕೈ ತೂರಿಸಿದಳು. ಬೆರಳು ಅಲುಗಲಿಲ್ಲ. ಮುಚ್ಚಳ ತೆಗೆದು ಬುಡಮೇಲು ಮಾಡಿ ಅಲ್ಲೇ ಪಕ್ಕದಲ್ಲಿಟ್ಟಳು. ದ್ರವವನ್ನು ಗೋಡೆಗುಂಟ ಇಳಿಬಿಟ್ಟಳು. ಐದು ನಿಮಿಷ ಸುಮ್ಮನೆ ಕಾದಳು. ಆಮೇಲೆ ಅದರಲ್ಲಿ ಸ್ವಲ್ಪವನ್ನು ಮುಚ್ಚಳದ ಒಳಮೈಗೂ ಸವರಿ ವಾಪಸು ಸೀಸೆಗೆ ಬಿಟ್ಟಳು. ಸಂಶೋಧಕಿ ಮೂರು ತಟ್ಟೆ ಸಿದ್ಧ ಮಾಡಿಟ್ಟಿದ್ದಳು. ಒಂದಕ್ಕೆ ಪೆಪ್ಟೈಡ್ ಇಲ್ಲದ ಬರಿಯ ದ್ರವ, ಒಂದಕ್ಕೆ ಅಕ್ಕ ಮೂರು ವಾರದ ಹಿಂದೆ ಕರಗಿಸಿದ್ದು, ಒಂದಕ್ಕೆ ಈಗ ಕರಗಿಸಿದ್ದು. ಯಾವುದು ಯಾವುದೆಂದು ಬೇರಾರಿಗೂ ಕಾಣದ ಹಾಗೆ ತಳದಲ್ಲಿ ಬರೆದವಳು ಕೆಳಮಹಡಿಯವಳು. ಹಾಗೇ ಆಗಲಿ ಎಂದು ಕೇಳಿಕೊಂಡವಳು ಹನಿಯಕ್ಕನೇ. ಜಗಳವಿರುವವರ ಕೈಯಲ್ಲಿ ಮೋಸಕ್ಕೆ ಜಾಗವಿರುವುದಿಲ್ಲ ಎಂಬುದು ಅವಳ ಲೆಕ್ಕ.

ಗುರುವಾರ ಅವಳು ಆ ತಟ್ಟೆಗಳನ್ನು ಬೆಚ್ಚಗಿಟ್ಟಿದ್ದ ಬೀರುವಿನ ಬಾಗಿಲು ತೆಗೆಯಲಿಲ್ಲ. ಬೇರೆಯವರ ತಟ್ಟೆಗಳಿಗೆ ದ್ರವ ಬದಲಿಸಿದಳು, ಚಪ್ಪಲಿಯವರಿಗೆ ಬೈದಳು.

ಶುಕ್ರವಾರ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದು ಸಂಶೋಧಕಿ. ಮೊದಲ ತಟ್ಟೆ ನೋಡಿ, "ಖಾಲಿ ಖಾಲಿ," ಎಂದಳು. ಎರಡನೆಯದು ನೋಡಿ, "ಇದೂ ಹಂಗೇ." ಮೂರನೆಯದಕ್ಕೆ ಕಣ್ಣಿಟ್ಟವಳು ತೆಗೆಯಲೇ ಇಲ್ಲ.

"ಮಾತಾಡೇ!" ಎಂದಳು ಹನಿಯಕ್ಕ.

"ಕಾಲಿಡೋಕೆ ಜಾಗ ಇಲ್ಲ ಅಕ್ಕಾ. ಸಂತೆ ಸೇರಿದೆ."

ತಳ ತಿರುಗಿಸಿ ನೋಡಿದರು. ಮೂರನೆಯದೇ ಹೊಸದು. ಹುಡುಗಿ ಅಕ್ಕನನ್ನು ತಬ್ಬಿಕೊಳ್ಳಲು ಬಂದಳು. ಅಕ್ಕ ಗ್ಲೌಸ್ ಹಾಕಿದ ಕೈಯನ್ನು ಮೇಲಕ್ಕೆತ್ತಿ, "ಮುಟ್ಟಬೇಡ, ಕೈ ಶುದ್ಧ ಇದೆ," ಎಂದಳು.

ದೊಡ್ಡ ಸಾರ್ ಕಾಗದ ಟೈಪು ಮಾಡಿಸಿದರು. 'ಕೆಲವು ತಾಂತ್ರಿಕ ಕಾರಣಗಳಿಂದ ಹಿಂದಿನ ಪತ್ರವನ್ನು ಹಿಂಪಡೆಯಲಾಗಿದೆ.' ಹನಿಯಕ್ಕ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು.

"ಇದು ಆಗಲ್ಲ ಸಾರ್."

"ಮತ್ತೇನು? ವಾಪಸ್ ತಗೊಂಡಾಯ್ತಲ್ಲ!"

"ತಾಂತ್ರಿಕ ಕಾರಣ ಅಂದ್ರೆ ಯಾರ ತಪ್ಪು ಅಂತ ಗೊತ್ತಾಗಲ್ಲ. ಗೊತ್ತಾಗದೇ ಇದ್ರೆ ಅದು ಅವಳ ತಲೆ ಮೇಲೇ ಉಳಿಯುತ್ತೆ. ಇವತ್ತಲ್ಲ ನಾಳೆ ಎತ್ತಿ ತೋರಿಸ್ತಾರೆ. ನಮ್ಮಲ್ಲಿ ಸೀಸೆ ತೆರೆದವಳು ತಿರುಗಿಸದೆ ತೆರೆದಳು, ಪುಡಿ ಅವಳ ಕೈಯಿಂದ ಹೋಯ್ತು, ತೂಕ ಸರಿಯಾಗೇ ಇತ್ತು, ಹಿಂಗೇ ಬರೀರಿ. ಬೇಕಾದ್ರೆ ನನ್ನ ಹೆಸರು ಹಾಕಿ."

ದೊಡ್ಡ ಸಾರ್ ಟೈಪು ಮಾಡುವವನನ್ನು ಮತ್ತೆ ಕರೆದರು. ಹಾಗೇ ಬರೆಸಿದರು. ಆಮೇಲೆ ಡ್ರಾಯರ್ ಎಳೆದು ಅವಳ ಕಾಗದವನ್ನೂ ತೆಗೆದರು. ಒಂದು ವರ್ಷ ಎಂದಿದ್ದುದನ್ನು ಹೊಡೆದು ಆರು ತಿಂಗಳು ಎಂದು ತಿದ್ದಿ ಸಹಿ ಹಾಕಿದರು. ತಪ್ಪಿಗೆ ಇಷ್ಟಾದರೂ ಇರಲಿ ಎಂದರು. ಹನಿಯಕ್ಕ ವಾದ ಮಾಡಲಿಲ್ಲ. ತಪ್ಪು ಮಾಡಿದ್ದು ನಿಜ. ಆರು ತಿಂಗಳಾದ ಮೇಲೆ ಅದೇ ಕುರ್ಚಿ ಅಲ್ಲೇ ಇರುತ್ತದಲ್ಲ.

ಐಸ್ ಡಬ್ಬಿ ಹಿಡಿದು ಬಂದ ಮಾರಾಟದವನು ಖಾಲಿ ಡಬ್ಬಿಯೊಂದಿಗೆ, ಆ ಕಾಗದದೊಂದಿಗೆ ಹೋದ.

ಒಂದು ತಿಂಗಳಾದ ಮೇಲೆ ಮತ್ತೆ ಬಂದಾಗ ಅವನು ನೇರ ಎರಡನೇ ಮಹಡಿಗೆ ಬಂದು ಬೂಟನ್ನು ಸಾಲಾಗಿ ಬಿಟ್ಟು ಬಾಗಿಲಲ್ಲಿ ನಿಂತ.

"ಅವಳು ಕೆಲಸದಲ್ಲೇ ಇದಾಳೆ ಅಕ್ಕಾ. ನಿಮ್ಮ ಕಾಗದ ಓದಿ ಹೇಳ್ದೆ."

"ಏನಂದ್ಳು?"

"ಥ್ಯಾಂಕ್ಸ್ ಅನ್ನಬಹುದು ಅಂದ್ಕೊಂಡಿದ್ದೆ. ಎಲ್ಲಿ? ಆ ಒಂದು ವಾರ ಅವಳು ಊಟ ಮಾಡಿರ್ಲಿಲ್ಲವಂತೆ. 'ಅಷ್ಟು ವರ್ಷ ಕೆಲಸ ಮಾಡಿರೋ ಹೆಂಗಸಿಗೆ ಒಂದು ಸೀಸೆ ತೆಗೆಯೋಕೆ ಬರಲ್ವಾ, ಆ ಕೈಗೆ ಬೆಂಕಿ ಹಾಕ' ಅಂತ ಶುರು ಮಾಡಿದ್ಳು ನೋಡಿ, ನಾನು ಹತ್ತು ನಿಮಿಷ ನಿಂತು ಕೇಳ್ದೆ. ಪೂರ್ತಿ ಹೇಳ್ಲಾ ಬೇಡ್ವಾ?"

"ಒಂದೂ ಬಿಡದೆ ಹೇಳು," ಎಂದು ಹನಿಯಕ್ಕ ಪಿಪೆಟ್ ಕೆಳಗಿಟ್ಟು, ಕೇಳುವುದಕ್ಕೆ ಸ್ಟೂಲು ಎಳೆದುಕೊಂಡು ಕೂತಳು.